ಆಯುಧಪೂಜೆಯ ದಿನ ಕುಣಿಗಲ್ಲಿನ ಲಿಂಕು

ಬಿಸಿಯಾದ ಯಂತ್ರದ ಮೇಲೆ ಚೆಂಡುಹೂವು ಬಾಡುವಾಗ ಒಂದು ವಾಸನೆ ಬರುತ್ತದೆ. ಅರ್ಧ ದೇವರಮನೆಯದು, ಅರ್ಧ ಸುಟ್ಟ ಪ್ಲಾಸ್ಟಿಕ್ಕಿನದು. ಈಚೆಗೆ ಕೆಲಸದ ಮೇಲೆ ಕುಣಿಗಲ್ಲಿಗೆ ಹೋಗಿದ್ದಾಗ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅದು ಮೂಗಿಗೆ ಬಂತು. ಹಬ್ಬ ಮುಗಿದಿದ್ದರೂ ಯಂತ್ರದ ಮೇಲಿನ ಹಾರವನ್ನು ಯಾರೂ ತೆಗೆದಿರಲಿಲ್ಲ. ಕಾಗದಗಳು ಒಂದೊಂದಾಗಿ ಹೊರಬರುತ್ತಿರುವಾಗಲೇ ನಾನು ಬಟವಾಡಿಯ ಲ್ಯಾಬಿನಲ್ಲಿ ಕೆಲಸ ಮಾಡಿದ ಆ ಒಂದು ಮಳೆಗಾಲ, ಅದರ ಕೊನೆಯ ನವರಾತ್ರಿ, ಸುಧಾಮಣಿಯವರ ಮುಖ, ಎಲ್ಲ ಒಟ್ಟಿಗೆ ಬಂದವು.

ಬಂದವು ಎಂದು ಬರೆಯಲು ಅಳುಕಾಗುತ್ತದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಅಳತೆ ಮಾಡದ್ದನ್ನು ನಂಬಬೇಡ ಎಂಬುದೊಂದನ್ನು ಬಿಟ್ಟು ಅಲ್ಲಿ ಕಲಿತದ್ದೆಲ್ಲ ಮರೆತಿದೆ. ನೆನಪನ್ನು ಅಳೆಯುವ ಕೋಲು ನನ್ನ ಹತ್ತಿರವಿಲ್ಲ.

ಕೊರೊನಾ ತಣ್ಣಗಾದ ಮೇಲಿನ ವರ್ಷ ಅದು. ಒಂದು ಕೆಲಸದಲ್ಲಿ ನಿಲ್ಲದ ಕಾಲು ನನ್ನದು. ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡುವ ಕೆಲಸ ಬಿಟ್ಟು ಬಟವಾಡಿಯ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದ್ದೆ. ಅಲ್ಲಿನ ಕಂಪ್ಯೂಟರುಗಳೆಲ್ಲ ನನ್ನ ಸುಪರ್ದಿಗೆ. ಲ್ಯಾಬಿಗೆ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಕೇಂದ್ರವಿತ್ತು. ಅಲ್ಲಿ ರಕ್ತ ತೆಗೆದು ಬಟವಾಡಿಗೆ ಕಳಿಸುತ್ತಿದ್ದರು. ಇಲ್ಲಿ ಪರೀಕ್ಷೆಯಾದ ಮೇಲೆ ವರದಿಯನ್ನು ಅವರು ತಮ್ಮ ಕಂಪ್ಯೂಟರಿನಲ್ಲಿ ತೆರೆದು, ಅಚ್ಚು ತೆಗೆದು ಜನರಿಗೆ ಕೊಡುತ್ತಿದ್ದರು. ಆ ವರದಿಗಳು ಹೋಗುವ ದಾರಿಗೇ ವಿಪಿಎನ್ ಹಾಕಿಸಿದ್ದು. ಇಂಟರ್ನೆಟ್ಟು ಊರ ಹೆದ್ದಾರಿಯಾದರೆ, ಇದು ಅದರೊಳಗೇ ನಮಗೆ ಮಾತ್ರ ಕೀಲಿ ಇರುವ ಮುಚ್ಚಿದ ಓಣಿ. ಎರಡೂ ಕೇಂದ್ರದವರು ಅದನ್ನು ಲಿಂಕು ಎನ್ನುತ್ತಿದ್ದರು. ದಿನವೂ ಬೆಳಿಗ್ಗೆ ಬಟವಾಡಿಯ ಸರ್ವರಿನಿಂದ ಗುಬ್ಬಿಗೂ ಕುಣಿಗಲ್ಲಿಗೂ ಒಂದು ಸಣ್ಣ ಸಂಕೇತ ಕಳಿಸಿ, ಉತ್ತರ ಬರುತ್ತದೆಯೇ ಎಂದು ನೋಡುವುದು ನನ್ನ ಮೊದಲ ಕೆಲಸ.

ಆ ವರ್ಷ ಮಳೆ ಬಿಡಲೇ ಇಲ್ಲ. ರಸ್ತೆ ಅಗೆದಲ್ಲೆಲ್ಲ ಕೇಬಲ್ಲು ಹರಿಯುತ್ತಿತ್ತು. ಗುಬ್ಬಿ ಕೇಂದ್ರದ ಪರಮೇಶ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. "ಗುರುವೇ, ನಿಮ್ ಲಿಂಕು ಮಳೆ ಬಂದ್ರೆ ಬಿಲ ಸೇರ್ಕೊಳ್ತದಲ್ಲ, ಹೊರಗೆ ಎಳೀರಿ ಸ್ವಲ್ಪ" ಎನ್ನುತ್ತಿದ್ದ. ಕುಣಿಗಲ್ಲಿನ ಸುಧಾಮಣಿಯವರದು ಬೇರೆ ರೀತಿ. ನಲವತ್ತು ದಾಟಿದ ಹೆಂಗಸು. ಹಣೆಯಲ್ಲಿ ತೆಳು ವಿಭೂತಿ, ಮಾತಿನಲ್ಲಿ ಕಾರ. ಲಿಂಕು ಕಡಿದರೆ ನನ್ನನ್ನು ಕೇಳದೆ ತಾವೇ ನಾಲ್ಕು ಸಲ ಹಚ್ಚಿ ಆರಿಸಿ ಸರಿ ಮಾಡಿಕೊಂಡು, ಆಮೇಲೆ ಫೋನಿನಲ್ಲಿ ನನ್ನನ್ನು ಬೈಯುತ್ತಿದ್ದರು.

ನವರಾತ್ರಿ ಮುಗಿದು ಲ್ಯಾಬು ತೆರೆದ ಬೆಳಿಗ್ಗೆ ಕುಣಿಗಲ್ಲಿನ ಒಬ್ಬ ಬಟ್ಟೆ ಅಂಗಡಿಯ ಯಜಮಾನರು ಬಂದರು. ಕೂಗಾಡಲಿಲ್ಲ. ಲ್ಯಾಬಿನ ಒಡೆಯರಾದ ಡಾಕ್ಟರ ಕೋಣೆಯಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಮಾತಾಡಿದರು. ಕೂಗಿದ್ದರೆ ಬಾಗಿಲಾಚೆ ನಿಂತಿದ್ದ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರ ಮಗಳು ಚಂದನಾಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗಿ. ಕಡಬದ ಒಂದು ಮನೆಯೊಂದಿಗೆ ಮದುವೆ ಮಾತಾಗಿತ್ತು. ಕಾಯಿಲೆಯ ವಿಷಯವನ್ನು ಇವರು ಅವರಿಗೆ ಹೇಳಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಎಂದಿನಂತೆ ಮೂರು ತಿಂಗಳ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟಿದ್ದಳು. ವಿಜಯದಶಮಿಯ ಬೆಳಿಗ್ಗೆ ಹುಡುಗನ ಕಡೆಯವರು ಫೋನು ಮಾಡಿ ಮದುವೆ ಬೇಡವೆಂದರು.

"ಕಾಯಿಲೆ ಇದೆ ಅಂತ ಅಂದಿದ್ರೆ ಯಾರೋ ಊರೋರು ಹೇಳವ್ರೆ ಅನ್ಕೋತಿದ್ದೆ" ಎಂದರು ಅವರು. "ನಂಬರ್ ಹೇಳಿದ್ರು ಡಾಕ್ಟ್ರೇ. ಪಾಯಿಂಟು ಸಮೇತ. ಆ ರಿಪೋರ್ಟು ನನ್ ಕೈಗೇ ಇನ್ನೂ ಬಂದಿಲ್ಲ."

ಅವರನ್ನು ಕಳಿಸಿ ಡಾಕ್ಟರು ನನ್ನನ್ನು ಕರೆದರು. ವರದಿ ಕಂಪ್ಯೂಟರಿಗೆ ಏರಿದ್ದು ಹಬ್ಬದ ಹಿಂದಿನ ಸಂಜೆ, ಕುಣಿಗಲ್ ಕೇಂದ್ರಕ್ಕೆ ಬೀಗ ಬಿದ್ದ ಮೇಲೆ. ಅಂದರೆ ಕೇಂದ್ರದಲ್ಲಿ ಅದನ್ನು ಯಾರಾದರೂ ನೋಡಿದ್ದರೆ ಹಬ್ಬದ ದಿನವೇ ನೋಡಿರಬೇಕು. ಯಾರು ಯಾವ ವರದಿ ತೆರೆದರೆಂದು ನಮ್ಮ ಹಳೆಯ ಸಾಫ್ಟ್‌ವೇರು ಗುರುತಿಟ್ಟುಕೊಳ್ಳುತ್ತಿರಲಿಲ್ಲ. ಯಾರು ಓಣಿಯೊಳಗೆ ಬಂದರು, ಎಷ್ಟು ಹೊತ್ತು ಇದ್ದರು, ಎಷ್ಟು ಮಾಹಿತಿ ಹರಿಯಿತು ಎಂಬುದನ್ನು ವಿಪಿಎನ್ ಸರ್ವರು ಮಾತ್ರ ದಾಖಲಿಸುತ್ತಿತ್ತು. ತೆರೆದು ನೋಡಿದೆ. ಗುಬ್ಬಿಯ ಲಿಂಕು ಹಬ್ಬದ ದಿನವೆಲ್ಲ ಸತ್ತಿತ್ತು. ಕುಣಿಗಲ್ಲಿನದು, ಎರಡೂ ಕೇಂದ್ರಗಳಿಗೆ ರಜೆ ಇದ್ದ ಆ ದಿನ, ಬೆಳಿಗ್ಗೆ ಹಚ್ಚಿಕೊಂಡದ್ದು ಮತ್ತೆ ಬಾಗಿಲು ತೆರೆಯುವವರೆಗೂ ಆರಿಯೇ ಇರಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. "ಆಯ್ತಲ್ಲಪ್ಪ, ಇನ್ನೇನು. ರಜಾ ದಿನ ಆಯಮ್ಮಂಗೆ ಅಲ್ಲೇನು ಕೆಲಸ?"

"ಲಿಂಕು ಆನ್ ಇತ್ತು ಅಂದ್ರೆ ವರದಿ ನೋಡಿದ್ರು ಅಂತ ಅಲ್ಲ ಸಾರ್."

"ಮತ್ತೇನು, ಭಜನೆ ಮಾಡ್ತಾ ಕೂತಿದ್ರಾ? ಟೆಸ್ಟ್ ಮಾಡು. ಸೋಮವಾರ ನನಗೆ ಹೂಂ ಅಥವಾ ಉಹೂಂ ಹೇಳು. ಹೂಂ ಅಂದ್ರೆ ಅವತ್ತೇ ಮನೆಗೆ ಕಳಿಸ್ತೀನಿ."

ಸುಧಾಮಣಿಯವರ ಹದಿನೈದು ವರ್ಷದ ಕೆಲಸ ನನ್ನ ಒಂದು ಉತ್ತರದ ಮೇಲೆ ನಿಂತಿತು. ನಾನು ಅವರನ್ನು ಅನುಮಾನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ವಿಷಯ ಅದು ಹೇಗೋ ಗುಬ್ಬಿಗೆ ಮುಟ್ಟಿತ್ತು. ಪರಮೇಶ ಫೋನು ಮಾಡಿ, "ಗುರುವೇ, ಸುಧಾಮಣಿಯೋರ ಅಕ್ಕನ್ನ ಕೊಟ್ಟಿರೋದೇ ಕಡಬಕ್ಕೆ, ಗೊತ್ತಾ? ಕೆರೆ ಏರಿ ಹಿಂದೆ ಮನೆ. ಆ ಹುಡುಗನ ಮನೆಯಿಂದ ಕೂಗಿದ್ರೆ ಕೇಳ್ಸುತ್ತೆ" ಎಂದ. ಆಗ ಸುಧಾಮಣಿಯವರ ಮೇಲಿನ ಅನುಮಾನ ಗಟ್ಟಿಯಾಯಿತು. ಫೋನು ಇಟ್ಟ ಮೇಲೆ, ಇದನ್ನು ಹೇಳಲು ಇವನಿಗೇಕೆ ಇಷ್ಟು ಆತುರ ಎಂದು ಪರಮೇಶನ ಮೇಲೂ ಒಂದು ಅನುಮಾನ ಹುಟ್ಟಿತು.

ಮೊದಲ ಪರೀಕ್ಷೆಯಲ್ಲಿ ನಾನು ದಡ್ಡತನ ಮಾಡಿದೆ. ಬಟವಾಡಿಯ ಆಫೀಸಿನಲ್ಲೇ ಕುಳಿತು, ಅಲ್ಲಿನ ವೈಫೈಯಲ್ಲೇ, ನನ್ನ ಲ್ಯಾಪ್‌ಟಾಪಿನಲ್ಲಿ ಕುಣಿಗಲ್ಲಿನ ಕೀಲಿ ಹಾಕಿ ವರದಿಯೊಂದನ್ನು ತೆರೆದೆ. ತೆರೆಯಿತು. ಓಣಿಯ ದಾಖಲೆಯಲ್ಲಿ ಏನೂ ಹರಿದಿರಲಿಲ್ಲ. ವರದಿ ತೆರೆದರೂ ಗುರುತು ಬೀಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮರುದಿನ ಕುಣಿಗಲ್ಲಿನ ಬಸ್ಸಿನಲ್ಲಿ ಕಿಟಕಿಯಿಂದ ಮಳೆಹನಿ ಮುಖಕ್ಕೆ ಹೊಡೆಯುತ್ತಿದ್ದಾಗ ಹೊಳೆಯಿತು. ಮನೆಯೊಳಗೇ ಕೂತವನಿಗೆ ಓಣಿ ಯಾಕೆ ಬೇಕು? ನನ್ನ ಲ್ಯಾಪ್‌ಟಾಪು ನೇರವಾಗಿ ಸರ್ವರಿನ ಜೊತೆ ಮಾತಾಡಿತ್ತು. ಒಳಗಿನವರು ನೋಡಿದ್ದಕ್ಕೆ ಎಲ್ಲಿಯೂ ಗುರುತಿಲ್ಲ. ಹೊರಗಿನವರ ಹೆಜ್ಜೆ ಮಾತ್ರ ಮೂಡುತ್ತದೆ. ಆಗ ಅದೊಂದು ತಾಂತ್ರಿಕ ತಪ್ಪು ಮಾತ್ರ ಎನ್ನಿಸಿತ್ತು.

ಕುಣಿಗಲ್ ಕೇಂದ್ರದಲ್ಲಿ ಕಂಪ್ಯೂಟರು ಮದುವಣಗಿತ್ತಿಯಂತೆ ಕುಳಿತಿತ್ತು. ಪರದೆಯ ಅಂಚಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಜೆರಾಕ್ಸ್ ಅಂಗಡಿಯಲ್ಲಿ ಬಂದ ವಾಸನೆ ಅಲ್ಲಿಯದು.

"ಹಬ್ಬದ ದಿನ ಲಿಂಕು ಯಾಕೆ ಆನ್ ಇತ್ತು?" ಎಂದೆ. ಮುಖ ನೋಡದೆ ಕೇಳಿದೆ.

"ಪೂಜೆ ಮಾಡಿದ್ನಲ್ಲ ಸಾರ್."

"ಪೂಜೆಗೂ ಲಿಂಕಿಗೂ ಏನು ಸಂಬಂಧ?"

"ಆರಿರೋ ಕಂಪ್ಯೂಟ್ರಿಗೆ ಪೂಜೆ ಮಾಡೋಕಾಗುತ್ತಾ? ಹೆಣಕ್ಕೆ ಆರತಿ ಎತ್ತಿದಂಗಾಗಲ್ವಾ? ಎಲ್ಲ ಹಚ್ಚಿ, ನಿಮ್ ಲಿಂಕ್ನೂ ಹಚ್ಚಿ, ಹಸಿರು ದೀಪ ಬಂದ್ಮೇಲೆ ಮಂಗಳಾರತಿ ಮಾಡ್ದೆ. ಪೂಜೆ ಆದ್ಮೇಲೆ ಆಯುಧ ಮುಟ್ಟಬಾರ್ದು. ಬೀಗ ಹಾಕ್ಕೊಂಡು ಹೋದೆ."

"ಮೊದಲೂ ಹೀಗೇ ಮಾಡ್ತಿದ್ರಾ?"

"ಲಿಂಕು ಹಾಕ್ಸಿದ್ದೇ ಈ ವರ್ಷ. ಮೊದ್ಲು ಸಿರಿಂಜಿಗೆ ಪೂಜೆ ಮಾಡ್ತಿದ್ದೆ. ಅದಕ್ಕೆ ಯಾರೂ ಬಂದು ವಿಚಾರಣೆ ಮಾಡ್ಲಿಲ್ಲ."

ನನಗೆ ನಗು ಬಂತೋ ಸಿಟ್ಟು ಬಂತೋ ಈಗ ಗೊತ್ತಿಲ್ಲ. ಸುಳ್ಳು ಹೇಳುವವರು ಇಷ್ಟು ಚೆನ್ನಾದ ಕಾರಣ ಕಟ್ಟಲಾರರು ಎನ್ನಿಸಿತು. ಕೂಡಲೇ, ಇಷ್ಟು ಚೆನ್ನಾಗಿರುವುದರಿಂದಲೇ ಕಟ್ಟಿದ್ದಿರಬಹುದು ಎಂದೂ ಎನ್ನಿಸಿತು. ಪೂಜೆ ಮಾಡಿದವರು ಮಂಗಳಾರತಿಯಾದ ಮೇಲೆ ವರದಿಯನ್ನೂ ಒಮ್ಮೆ ನೋಡಿರಬಹುದಲ್ಲ?

ಅದನ್ನು ಅಳೆಯಬಹುದಿತ್ತು. ನಮ್ಮ ವರದಿಗಳು ಭಾರವಾಗಿರುತ್ತಿದ್ದವು. ಲ್ಯಾಬಿನ ಬಣ್ಣದ ಚಿತ್ರ, ಡಾಕ್ಟರ ಸಹಿಯ ಚಿತ್ರ ಎಲ್ಲ ಸೇರಿ ಒಂದು ವರದಿ ತೆರೆದರೂ ಓಣಿಯಲ್ಲಿ ದೊಡ್ಡ ಗಂಟು ಹೋದಂತೆ ದಾಖಲಾಗಬೇಕು. ಸುಮ್ಮನೆ ಹಚ್ಚಿಟ್ಟ ಲಿಂಕಿನಲ್ಲಿ, ನಾನಿದ್ದೇನೆ, ನಾನಿದ್ದೇನೆ ಎನ್ನುವ ಸಣ್ಣ ಸಂಕೇತಗಳು ಮಾತ್ರ ಹರಿಯುತ್ತವೆ. ಕೇಂದ್ರದಲ್ಲೇ ಕುಳಿತು, ಈ ಸಲ ನಿಜವಾಗಿ ಹೊರಗಿನಿಂದ, ಒಂದು ವರದಿ ತೆರೆದು ಅಳತೆ ತೆಗೆದುಕೊಂಡೆ. ಭಾನುವಾರ ಲಿಂಕು ಹಚ್ಚಿ, ಬೀಗ ಹಾಕಿಸಿ, ಬೀಗದ ಕೈಯನ್ನು ನಾನೇ ಇಟ್ಟುಕೊಂಡೆ. ಬಂದ ಲೆಕ್ಕವನ್ನು ಹಬ್ಬದ ದಿನದ ಲೆಕ್ಕದ ಪಕ್ಕದಲ್ಲಿಟ್ಟೆ. ಅವಳಿಜವಳಿಯಂತಿದ್ದವು. ಹಬ್ಬದ ದಿನ ಕುಣಿಗಲ್ಲಿನಿಂದ ಯಾರೂ ಯಾವ ವರದಿಯನ್ನೂ ತೆರೆದಿರಲಿಲ್ಲ.

ಸೋಮವಾರ ಡಾಕ್ಟರಿಗೆ ಉಹೂಂ ಎಂದೆ.

ಅವರು ಬಹಳ ಹೊತ್ತು ಮೇಜಿನ ಗಾಜನ್ನು ಒರೆಸಿದರು. "ಹಂಗಾದ್ರೆ ಯಾರು?" ಎಂದರು.

ಗುಬ್ಬಿ ಅಲ್ಲ, ಕುಣಿಗಲ್ ಅಲ್ಲ. ಉಳಿದದ್ದು ಬಟವಾಡಿ. ಹಬ್ಬದ ದಿನ ಮಧ್ಯಾಹ್ನದವರೆಗೆ ನಮ್ಮಲ್ಲಿ ಬಾಗಿಲು ತೆರೆದಿತ್ತು. ಪೂಜೆಗೆ ಬಂದವರಿಗೆ ಪುರಿ, ಸಿಹಿ ಹಂಚಿದ್ದರು. ಡಾಕ್ಟರ ಕೋಣೆಯಲ್ಲಿ ಕಡಬದ ಕಡೆಯ ಒಬ್ಬ ಹಿರಿಯರು, ಬಿಳಿ ಪಂಚೆಯವರು, ತಟ್ಟೆ ಹಿಡಿದು ಕುಳಿತಿದ್ದರೆಂದು ನನಗೆ ನೆನಪು. ಅವರು ಹುಡುಗನ ದೊಡ್ಡಪ್ಪ ಎಂದು ಆಮೇಲೆ ಯಾರೋ ಹೇಳಿದರು. ಆದರೆ ನಾನು ಅವರನ್ನು ಅಂದು ಕಂಡಿದ್ದೆನೋ, ಅಥವಾ ದೊಡ್ಡಪ್ಪನೊಬ್ಬ ಇದ್ದಾನೆಂದು ಕೇಳಿದ ಮೇಲೆ ನನ್ನ ಅನುಮಾನವೇ ಅವರನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿತೋ, ಇಂದಿಗೂ ಹೇಳಲಾರೆ. ಪಂಚೆಯ ಅಂಚು ನೆನಪಿದೆ. ಮುಖವಿಲ್ಲ.

"ಗೊತ್ತಿಲ್ಲ ಸಾರ್" ಎಂದೆ.

ಸುಧಾಮಣಿಯವರ ಕೆಲಸ ಉಳಿಯಿತು, ಊರಿನಲ್ಲಿ ಹೆಸರು ಉಳಿಯಲಿಲ್ಲ. ಬಟ್ಟೆ ಅಂಗಡಿಯ ಯಜಮಾನರು ಹೇಳಬೇಕಾದವರಿಗೆಲ್ಲ ಹೇಳಿಯಾಗಿತ್ತು. ಕೇಂದ್ರಕ್ಕೆ ಬರುವವರು ಕಡಿಮೆಯಾದರು. ಹೀಗೇ ಮುಂದುವರಿದರೆ ಕೇಂದ್ರವನ್ನೇ ಮುಚ್ಚುವ ಮಾತು ಡಾಕ್ಟರ ಬಾಯಿಂದ ಬಂತು. ಸುಧಾಮಣಿಯವರು ನನಗೆ ಫೋನು ಮಾಡಿದರು.

"ನೀವು ಟೆಸ್ಟ್ ಮಾಡಿದ್ದು ನೀವೂ ಡಾಕ್ಟ್ರೂ ತಿಳ್ಕೊಂಡ್ರೆ ನಂಗೇನ್ ಬಂತು ಸಾರ್? ಬಂದು ಆ ಮನೇಲಿ ಹೇಳಿ."

ಹೋದೆವು. ಅಂಗಡಿಯ ಹಿಂಭಾಗದಲ್ಲೇ ಮನೆ. ನಡುಮನೆಯಲ್ಲಿ ನೀಲಿ ಬಣ್ಣದ ಸೋಫಾ, ಗೋಡೆಗೆ ಮಠದ ಕ್ಯಾಲೆಂಡರು. ನಾನು ಓಣಿಯ ಕತೆಯನ್ನೂ ಗಂಟಿನ ಕತೆಯನ್ನೂ ಎಷ್ಟು ಬಿಡಿಸಿ ಹೇಳಲು ಸಾಧ್ಯವೋ ಅಷ್ಟು ಹೇಳಿದೆ. ಯಜಮಾನರು ತಾಳ್ಮೆಯಿಂದ ಕೇಳಿದರು.

"ಬಾಗ್ಲು ತೆಗ್ದೇ ಇತ್ತು ಅಂತೀರಿ. ಕಳ್ಳ ಬಂದಿಲ್ಲ ಅಂತೀರಿ. ಮಾಲು ಹೋಗಿರೋದಂತೂ ನಿಜ. ಹೆಂಗೆ ಸ್ವಾಮಿ ನಂಬೋದು?"

ಸುಧಾಮಣಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಚಂದನಾ ಬಂದು ನಿಂತಳು. ಎಣ್ಣೆ ಹಚ್ಚಿದ ಜಡೆ, ಕೈಯಲ್ಲಿ ಹಿಟ್ಟು.

"ಅಪ್ಪಾ, ಅದನ್ನ ಹೇಳಿದ್ದು ನಾನೇ" ಎಂದಳು.

ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತ ಅವಳೇ ಮುಂದುವರಿಸಿದಳು.

"ಹಬ್ಬದ ಬೆಳಿಗ್ಗೆ ಬಟವಾಡಿಗೆ ಫೋನ್ ಮಾಡಿ ನನ್ ರಿಸಲ್ಟ್ ಕೇಳ್ದೆ. ಕೌಂಟರಿನೋರು ಓದಿದ್ರು. ಅದನ್ನ ಕಡಬದೋರಿಗೆ ಹೇಳ್ದೆ. ಇನ್ಸುಲಿನ್ ಪೆಟ್ಟಿಗೆ ಸೀರೆ ಮಡಿಕೇಲಿ ಮುಚ್ಚಿಟ್ಕೊಂಡು ಎಷ್ಟ್ ದಿನ ಬಾಳ್ವೆ ಮಾಡ್ಲಿ?"

ಆ ಮಾತಿನ ಮುಂದೆ ನನ್ನ ಸರ್ವರು, ಲೆಕ್ಕ, ಎರಡು ಊರುಗಳ ನಡುವಿನ ನನ್ನ ಓಡಾಟ ಎಲ್ಲ ಸಣ್ಣದಾಯಿತು. ವರದಿಯನ್ನು ಯಾರು ನೋಡಿರಬಹುದೆಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಡಾಕ್ಟರು, ಅಪ್ಪ, ನಾನು, ಗುಬ್ಬಿಯ ಪರಮೇಶ, ಯಾರಿಗೂ ರಕ್ತ ಯಾರದೋ ಆ ಹುಡುಗಿಯನ್ನು ಕೇಳಬೇಕೆಂದು ತೋರಿರಲಿಲ್ಲ. ಅದು ಅವಳ ಅಪ್ಪನ ವರದಿ ಎಂದೇ ಎಲ್ಲರೂ ತಿಳಿದಿದ್ದೆವು.

ಯಜಮಾನರು ಮತ್ತೆ ಎಲ್ಲೂ ಆ ಮಾತು ಎತ್ತಲಿಲ್ಲ. ನಿಧಾನಕ್ಕೆ ಕೇಂದ್ರಕ್ಕೆ ಜನ ಮರಳಿದರು. ನಾನು ಬಟವಾಡಿಗೆ ಬಂದವನೇ ಕೌಂಟರಿನ ಹುಡುಗಿಯನ್ನು ಕೇಳಿದೆ. "ದಿನಕ್ಕೆ ನೂರು ಜನ ಫೋನ್ ಮಾಡ್ತಾರೆ ಸಾರ್, ಹಬ್ಬದ ದಿನ ಬೇರೆ. ಯಾರಿಗೆ ಏನು ಓದಿದೆ ಅಂತ ಹೆಂಗ್ ಹೇಳ್ಲಿ?" ಎಂದಳು. ಡಾಕ್ಟರಿಗೆ ವಿಷಯ ತಿಳಿಸಿದಾಗ ಅವರು ಉಸಿರು ಬಿಟ್ಟ ರೀತಿ ನನಗೆ ಸರಿ ಕಾಣಲಿಲ್ಲ. ಅಷ್ಟು ಬೇಗ ಹಗುರಾಗಬಾರದಿತ್ತು ಎನ್ನಿಸಿತು. ಬಿಳಿ ಪಂಚೆ ಮತ್ತೆ ಕಣ್ಣ ಮುಂದೆ ಬಂತು. ಬೇಸಿಗೆಗೆ ಮೊದಲೇ ಆ ಕೆಲಸವನ್ನೂ ಬಿಟ್ಟೆ.

ಇಷ್ಟನ್ನು ಜೆರಾಕ್ಸ್ ಅಂಗಡಿಯಿಂದ ಎದ್ದುಹೋಗಿ ಸುಧಾಮಣಿಯವರಿಗೇ ಹೇಳಿದೆ. ಕೇಂದ್ರ ಅಲ್ಲೇ ಇದೆ, ಅವರೂ ಅಲ್ಲೇ ಇದ್ದಾರೆ, ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಈಗ ವರದಿ ನೇರವಾಗಿ ರೋಗಿಯ ಮೊಬೈಲಿಗೆ ಹೋಗುತ್ತದಂತೆ. ನಾನು ನೀಲಿ ಸೋಫಾ, ಹಿಟ್ಟಿನ ಕೈ, ಎಲ್ಲ ಹೇಳಿ ಮುಗಿಸುವವರೆಗೆ ಅವರು ಸುಮ್ಮನೆ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ನೀವು ಆ ಮನೆ ಒಳಗೆ ಬಂದೇ ಇಲ್ವಲ್ಲ ಸಾರ್."

"ಏನು?"

"ಅಂಗಡಿ ಮುಂದೆ ನಿಂತ್ಕೊಂಡು ಯಜಮಾನ್ರ ಹತ್ರ ಮಾತಾಡಿದ್ರಿ. ಅವ್ರು ಬಾಗ್ಲು, ಕಳ್ಳ ಅಂತೆಲ್ಲ ಅಂದಿದ್ದು ಅಲ್ಲೇ. ನಿಮಗೆ ಮುಖ ಕೆಂಪಾಗಿ ಬಸ್ ಸ್ಟ್ಯಾಂಡಿಗೆ ಹೋಗ್ಬಿಟ್ರಿ. ಒಳಗೆ ಹೋಗಿದ್ದು ನಾನೊಬ್ಳೇ. ಚಂದನಾ ಹೇಳಿದ್ದನ್ನ ನಾನೇ ಬಂದು ನಿಮಗೆ ಬಸ್ಸಿನ ಹತ್ರ ಹೇಳ್ದೆ."

"ಹಿಟ್ಟಿನ ಕೈ?"

"ಅದೂ ನಾನ್ ಹೇಳಿದ್ದೇ. ಚಪಾತಿ ಲಟ್ಟಿಸ್ತಿದ್ಲು."

ನಾನು ಕುಳಿತ ಸ್ಟೂಲು ಗಟ್ಟಿಯಾಗಿಯೇ ಇತ್ತು, ಆದರೂ ಅದರ ಅಂಚನ್ನು ಹಿಡಿದುಕೊಂಡೆ. ಇವರು ಹೇಳುವುದು ನಿಜವಾದರೆ, ಆ ಹುಡುಗಿ ಒಪ್ಪಿಕೊಂಡಳು ಎಂಬುದಕ್ಕೆ ನನಗಿದ್ದ ಸಾಕ್ಷಿ ಇವರ ಮಾತು ಮಾತ್ರ. ಯಾರ ಮೇಲೆ ಆರೋಪವಿತ್ತೋ ಅವರದೇ ಮಾತು. ಅದನ್ನೇ ಇಷ್ಟು ವರ್ಷ ಕಣ್ಣಾರೆ ಕಂಡದ್ದೆಂದು ಇಟ್ಟುಕೊಂಡಿದ್ದೇನೆ. ಅಥವಾ ನಾನು ಕಂಡದ್ದೇ ನಿಜ, ಮರೆತವರು ಇವರು.

ನನ್ನ ಮುಖದಲ್ಲಿ ಏನು ಕಂಡಿತೋ, ಸುಧಾಮಣಿಯವರು ನಕ್ಕರು. "ನಿಮ್ ಅನುಮಾನ ಇನ್ನೂ ಸತ್ತಿಲ್ಲ ಬುಡಿ. ಅವಳು ಇಲ್ಲೇ ಸ್ಕೂಲಲ್ಲಿ ಟೀಚರು. ಕೇಳ್ಬುಡಿ." ನಾನು ಬೇಡ ಎನ್ನುವ ಮೊದಲೇ ನಂಬರು ಒತ್ತಿದರು. "ಚಂದನಾ, ನಮ್ ಕಂಪ್ಯೂಟರ್ ಸಾರ್ ಬಂದವ್ರೆ, ಬಟವಾಡಿಯೋರು. ಏನೋ ಕೇಳ್ಬೇಕಂತೆ ಕಣೇ." ಫೋನನ್ನು ನನ್ನ ಕೈಗಿಟ್ಟರು.

ಆ ಕಡೆ ಮಕ್ಕಳ ಗಲಾಟೆ. ಹೇಗೋ ತಡವರಿಸಿ ಕೇಳಿದೆ. ಆ ವರ್ಷ, ಆ ನಂಬರು, ಅವರಿಗೆ ಹೇಳಿದ್ದು ನೀವೇನಾ?

ಬಾಗಿಲು ಹಾಕಿಕೊಂಡ ಸದ್ದಾಯಿತು. ಗಲಾಟೆ ಕಡಿಮೆಯಾಯಿತು.

"ಯಾಕ್ ಸಾರ್, ಆಂಟಿ ಕೆಲಸಕ್ಕೆ ಮತ್ತೆ ಏನಾದ್ರೂ ಬಂದಿದ್ಯಾ?"

"ಇಲ್ಲ. ಸುಮ್ನೆ, ನನಗೆ ಗೊತ್ತಾಗ್ಲಿ ಅಂತ."

"ಓ" ಎಂದಳು. "ಆಂಟಿಗೆ ತೊಂದ್ರೆ ಇದ್ರೆ ನಾನೇ ಹೇಳಿದ್ದು ಅಂತ ಬರ್ಕೊಳ್ಳಿ ಸಾರ್, ಸಹಿ ಬೇಕಾದ್ರೂ ಹಾಕ್ತೀನಿ. ತೊಂದ್ರೆ ಇಲ್ಲ ಅಂದ್ರೆ ನಂಗೆ ಕ್ಲಾಸಿದೆ."

"ತೊಂದರೆ ಏನಿಲ್ಲ" ಎಂದೆ. ಅವಳು ಫೋನು ಇಟ್ಟಳು.

ಅಷ್ಟರಲ್ಲಿ ಒಬ್ಬರು ಬಂದು ತೋಳು ಚಾಚಿ ಕುಳಿತಿದ್ದರು. ಸುಧಾಮಣಿಯವರು ರಬ್ಬರು ಪಟ್ಟಿ ಕಟ್ಟಿ, ನರ ಹುಡುಕುತ್ತ, ನನ್ನ ಕಡೆ ತಿರುಗದೆ ಕೇಳಿದರು.

"ಏನಂದ್ಲು?"

"ತಾನೇ ಹೇಳಿದ್ದು ಅಂದ್ಲು" ಎಂದೆ.